ಮಾವನ ಕಿವಿಯ ಎತ್ತರ

ಮಾವನಿಗೆ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ರೆಕಾರ್ಡಿಂಗ್ ಮಾಡುವವರನ್ನು ಬಿಟ್ಟು. ಆ ಒಂದು ಹಗೆಯನ್ನು ಮಾತ್ರ ಅವರು ಹರೆಯದಿಂದಲೂ ಹಾಲೆರೆದು ಸಾಕಿಕೊಂಡು ಬಂದಿದ್ದರು. ಮದುವೆಮನೆ, ಹೋಟೆಲು, ಕ್ಲಬ್ಬು, ಕಾಲೇಜಿನ ಮೈದಾನ ಎಂದು ಅವರು ಗಿಟಾರು ನುಡಿಸದ ಜಾಗವಿರಲಿಲ್ಲ. ನುಡಿಸಿದಲ್ಲೆಲ್ಲ ಯಾವನೋ ಒಬ್ಬ ಬಂದು ಗಿಟಾರಿನ ಸದ್ದು ದೊಡ್ಡದು ಮಾಡುವ ಅವರ ಆಂಪಿನ ಮುಂದೆ ಮೈಕು ನೆಟ್ಟು, ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದ. ಮನೆಗೆ ತಂದು ಹಾಕಿದರೆ ತಗಡಿನ ಮೇಲೆ ಗರಗಸ ಎಳೆದ ಹಾಗೆ ಕೇಳುತ್ತಿತ್ತು. "ಕತ್ತೆ ನನ್ ಮಗ! ಬೆಣ್ಣೆ ಹಾಗೆ ನುಡಿಸಿದ್ದನ್ನ ತಗಡು ಮಾಡಿಟ್ಟಿದಾನೆ" ಎಂದು ಮಾವ ಕ್ಯಾಸೆಟ್ಟನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದರು. ಕೆಳಗಿನ ಮನೆಯವರು ಅವನ್ನೆಲ್ಲ ಆಯ್ದುಕೊಂಡು ತಮ್ಮ ಮಗುವಿನ ತೊದಲು ಮಾತು ತುಂಬಿಸಿಕೊಂಡರು. ಕ್ಯಾಸೆಟ್ಟು ಚೆನ್ನಾಗಿಯೇ ಇದೆ, ಮಗುವಿನ ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ನೋಡಿ ಎಂದು ಅವರು ಹೇಳಿದ್ದು ಮಾವನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತ್ತು.

ಹೀಗಿರುವಾಗ ಅವರ ಒಬ್ಬನೇ ಮಗ ಒಬ್ಬಳು ಹುಡುಗಿಯನ್ನು ಮನೆಗೆ ಕರೆತಂದು, ಮದುವೆಯಾದರೆ ಇವಳನ್ನೇ ಎಂದ. ಹುಡುಗಿ ಏನು ಮಾಡುತ್ತಾಳೆ ಎಂದು ಮಾವ ಕೇಳಿದರು. ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಾಳೆ ಎಂದ. ಮಾವ ಮೆಲ್ಲಗೆ ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವರು ಊಟಕ್ಕೆ ಕರೆದಾಗಲೇ ಆಚೆ ಬಂದದ್ದು.

ಸೊಸೆಯಾಗಿ ಅವಳು ಬಂದು, ಮೊಮ್ಮಗಳು ಹುಟ್ಟಿ, ಆ ಮೊಮ್ಮಗಳು ಶಾಲೆಗೆ ಹೋಗುವಷ್ಟಾದರೂ ಮಾವ ಒಂದು ದಿನ ಅವಳ ಸ್ಟುಡಿಯೋದ ಮೆಟ್ಟಿಲಿಳಿದವರಲ್ಲ. ಅವಳ ಕೆಲಸವನ್ನು ಅವರು 'ಆಫೀಸು' ಎನ್ನುತ್ತಿದ್ದರು. "ಆಫೀಸಿಂದ ಬಂದ್ಯೇನಮ್ಮಾ?" ಎಂದು ಕೇಳುವಾಗ ಅವರ ದನಿಯಲ್ಲಿ, ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ಮಾತಾಡಿಸುವ ಎಚ್ಚರ ಇರುತ್ತಿತ್ತು. ಅವಳೂ ಅಷ್ಟೆ, ಮನೆಯೊಳಗೆ ಗಿಟಾರಿನ ಸುದ್ದಿ ಎತ್ತುತ್ತಿರಲಿಲ್ಲ. ನಲ್ಲಿ ನೀರು, ಮೊಮ್ಮಗಳ ಹೋಂವರ್ಕು, ಮಗನ ಗೊರಕೆ, ಹೀಗೆ ಮಾವ ಸೊಸೆಗೆ ಮಾತಾಡಲು ಬೇಕಾದಷ್ಟಿತ್ತು. ಮನೆ ತಣ್ಣಗಿತ್ತು.

ಆ ತಣ್ಣಗಿನ ಮನೆಗೆ ಕಲ್ಲು ಹಾಕಿದವರು ಡ್ರಮ್ಮರ್. ಮಾವನ ಹಳೆಯ ತಂಡಕ್ಕೆ ಅವರೇ ನಾಯಕರು. ಮಾತಾಡಿದರೂ ಮೇಜು ಕುಟ್ಟಿಕೊಂಡು, ತಾಳಕ್ಕೆ ಸರಿಯಾಗಿ ಮಾತಾಡುವ ದಪ್ಪ ಮನುಷ್ಯ. ಒಂದು ಭಾನುವಾರ ಮನೆಗೆ ಬಂದವರು, "ಆಯುಸ್ಸು ಪೂರ್ತಿ ಬೇರೆಯವರ ಹಾಡೇ ಬಾರಿಸಿದ್ವಲ್ಲೋ. ನಮ್ಮದು ಅಂತ ನಾಲ್ಕು ಹಾಡಿದೆ. ಕಣ್ಣು ಮುಚ್ಚೋದ್ರೊಳಗೆ ರೆಕಾರ್ಡ್ ಮಾಡಿಬಿಡೋಣ. ಸ್ಟುಡಿಯೋ ನಿಮ್ಮನೇಲೇ ಇದೆ" ಎಂದರು.

"ನಮ್ಮನೇಲಿಲ್ಲ, ಆಫೀಸಲ್ಲಿದೆ" ಎಂದರು ಮಾವ.

ಆದರೂ ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ, ನಾಲ್ಕರಲ್ಲಿ ಒಂದು ಹಾಡಿನ ನಡುವೆ ಬರುವ ಗಿಟಾರಿನ ಭಾಗ ಅವರು ಕಟ್ಟಿದ್ದು. ಅದೊಂದೇ ಅವರ ಸ್ವಂತದ್ದು. ಮಿಕ್ಕ ಜೀವಮಾನವೆಲ್ಲ ಬೇರೆಯವರು ಕಟ್ಟಿದ್ದನ್ನು, ಬೇರೆಯವರ ಮದುವೆಯಲ್ಲಿ, ಬೇರೆಯವರು ಊಟ ಮಾಡುತ್ತಿರುವಾಗ ನುಡಿಸಿದ್ದಾಗಿತ್ತು.

"ಎರಡೇ ಮಾತು" ಎಂದು ಅವರು ಸೊಸೆಯ ಕಡೆ ತಿರುಗಿದರು. "ಮೈಕು ನಾನು ಹೇಳಿದ ಕಡೆ ಇಡಬೇಕು. ನನ್ನ ಆಂಪಿನ ಗುಂಡಿ ಯಾರೂ ಮುಟ್ಟಬಾರದು."

"ಮುಟ್ಟಿದ್ರೂ ಏನೂ ಆಗಲ್ಲ ಬಿಡಮ್ಮಾ" ಎಂದು ಡ್ರಮ್ಮರ್ ನಕ್ಕರು.

ಅದಕ್ಕೊಂದು ಕಥೆಯಿತ್ತು. ಹಿಂದೊಮ್ಮೆ ಯಾವುದೋ ಸಭಾಂಗಣದಲ್ಲಿ ಸೌಂಡಿನವನೊಬ್ಬ, ಮಾವ ನೀರು ಕುಡಿಯಲು ಹೋದಾಗ ಅವರ ಆಂಪಿನಲ್ಲಿ ಸದ್ದಿನ ಚೂಪು ಏರಿಸುವ ಟ್ರೆಬಲ್ ಗುಂಡಿಯನ್ನು ಸದ್ದಿಲ್ಲದೆ ಅರ್ಧಕ್ಕೆ ಇಳಿಸಿದ್ದ. ಮನೆಗೆ ಬಂದ ಮಾವ ಆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಚಪ್ಪಲಿ ಅಂಟಿಸುವ ಗೋಂದು ಸುರಿದು, ಶಾಶ್ವತವಾಗಿ ಕೂರಿಸಿಬಿಟ್ಟಿದ್ದರು. ಅಂದಿನಿಂದ ಆ ಆಂಪಿಗೆ ತಗ್ಗುವುದೆಂದರೆ ಗೊತ್ತಿಲ್ಲ, ಮಾವನಿಗೆ ಗೊತ್ತಿಲ್ಲದ ಹಾಗೆಯೇ. ತಂಡದವರು ಅವರನ್ನು 'ಗರಗಸ' ಎಂದು ಕರೆಯುತ್ತಿದ್ದರು. ಮಾವ ಅದನ್ನು ಬಿರುದೆಂದು ತಿಳಿದು ಗಿಟಾರಿನ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿಕೊಂಡಿದ್ದರು.

ಮೂರು ಹಾಡು ಹೇಗೋ ಮುಗಿದವು. ಅವುಗಳಲ್ಲಿ ಗಿಟಾರಿಗೆ ದೊಡ್ಡ ಕೆಲಸವಿರಲಿಲ್ಲ. ನಾಲ್ಕನೆಯದರಲ್ಲಿ ಮಿಕ್ಕವರೆಲ್ಲ ತಮ್ಮ ತಮ್ಮ ಪಾಲು ನುಡಿಸಿಯಾಗಿ, ಮಾವನ ಭಾಗವೊಂದು ಉಳಿದ ದಿನ ಬಂತು.

ಸೊಸೆಯ ಸ್ಟುಡಿಯೋ ಇದ್ದದ್ದು ಒಂದು ಜಿಮ್ಮಿನ ಕೆಳಗೆ, ನೆಲಮಾಳಿಗೆಯಲ್ಲಿ. ಎರಡು ಕೋಣೆ, ನಡುವೆ ದಪ್ಪ ಗಾಜಿನ ಕಿಟಕಿ. ಒಂದರಲ್ಲಿ ನುಡಿಸುವುದು, ಇನ್ನೊಂದರಲ್ಲಿ ಅವಳು ಕುಳಿತು ಕೇಳುವುದು. ಮೇಲಿನವರು ಬ್ಯಾಚಿಗಿಷ್ಟು ಜನ ಎಂದು ಬಂದು ಕಬ್ಬಿಣ ಎತ್ತುತ್ತಿದ್ದರು. ಎತ್ತುವುದಕ್ಕೆ ಸದ್ದಿಲ್ಲ, ಇಳಿಸುವುದಕ್ಕಿತ್ತು. ಅವರು ಧೊಪ್ಪೆಂದು ಇಳಿಸಿದರೆ ಇವಳ ಕಾಫಿಯಲ್ಲಿ ಅಲೆ ಏಳುತ್ತಿತ್ತು. ಹಾಗಾಗಿ ಅವಳ ದಿನವೆಲ್ಲ ಬ್ಯಾಚುಗಳ ನಡುವಿನ ಸಂದಿಯಲ್ಲಿ ನಡೆಯಬೇಕಿತ್ತು.

ಆ ಬೆಳಿಗ್ಗೆ ಅವಳು ಮಗಳ ಜಡೆ ಹಾಕಿ, ಒಂದು ಕಾಲುಚೀಲ ಹುಡುಕಿ, ಇನ್ನೊಂದು ಸಿಗದೆ ಬೇರೆ ಬಣ್ಣದ್ದು ಹಾಕಿಸಿ, "ಯಾರೂ ನೋಡಲ್ಲ" ಎಂದು ಸುಳ್ಳು ಹೇಳಿ, ಶಾಲೆಗೆ ಬಿಟ್ಟು ಓಡಿಬಂದಾಗ ಮಾವ ಆಗಲೇ ಒಳಗಿದ್ದರು. ಮೊಣಕಾಲಿಗಿಂತ ತುಸು ಎತ್ತರದ, ಹೆಣದಷ್ಟು ಭಾರದ ಆಂಪು ನೆಲದ ಮೇಲೆ ಕೂತಿತ್ತು. ಅದಕ್ಕೆ ಬೆನ್ನು ಹಾಕಿ, ಎರಡು ಮಾರು ಮುಂದೆ, ಗಿಟಾರು ನೇತುಹಾಕಿಕೊಂಡು ಮಾವ ನಿಂತಿದ್ದರು. ವೇದಿಕೆಯ ಮೇಲೆ ಯಾವಾಗಲೂ ಹೀಗೇ ನಿಲ್ಲುವುದಂತೆ.

ಸೊಸೆ ಮಂಡಿಯೂರಿ ಕೂತು, ಆಂಪಿನ ಜಾಲರಿಯ ಮೇಲೆ ಟಾರ್ಚು ಬಿಟ್ಟು ಒಳಗಿನ ಸ್ಪೀಕರನ್ನು ನೋಡಿದಳು. ಸ್ಪೀಕರಿನ ಕೋನು ಬೋಗುಣಿಯ ಹಾಗಿರುತ್ತದೆ, ನಡುವೆ ಒಂದು ಉಬ್ಬು. ಉಬ್ಬಿನ ನೇರಕ್ಕೆ ಮೈಕಿಟ್ಟರೆ ಸದ್ದು ಚೂಪು. ಅಂಚಿನ ಕಡೆಗೆ ಸರಿಸಿದಂತೆಲ್ಲ ಮೆತ್ತಗಾಗಿ ದಪ್ಪವಾಗುತ್ತ ಹೋಗುತ್ತದೆ. ಒಂದು ಬೆರಳಷ್ಟು ಸರಿಸಿದರೆ ಬೇರೆಯೇ ಗಿಟಾರು. ಗೋಂದು ಹಾಕಿದ ಗುಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳು ಮೈಕನ್ನು ಅಂಚಿಗೆ ತಂದು, ಸ್ವಲ್ಪ ಓರೆ ಮಾಡಿ ಇಟ್ಟಳು.

"ಅದೇ! ಅದೇ ನೋಡು!" ಎಂದು ಮಾವ ಕಳ್ಳನನ್ನು ಹಿಡಿದವರಂತೆ ಕೂಗಿದರು. "ಎಲ್ಲ ಕತ್ತೆಗಳೂ ಹೀಗೇ ಓರೆಯಾಗಿ ಇಡ್ತಿದ್ವು. ಮಾತಾಡೋವಾಗ ಮುಖ ನೋಡಿ ಮಾತಾಡ್ಬೇಕಮ್ಮಾ, ಕಿವಿ ಹತ್ರ ಹೋಗಿ ಪಿಸುಗುಡಬಾರದು. ಇಡು ನಡುಮಧ್ಯಕ್ಕೆ!"

"ಮಾವ, ನಡುಮಧ್ಯಕ್ಕಿಟ್ರೆ..."

"ಎರಡೇ ಮಾತು ಅಂದಿದ್ದೆ."

ಅವಳು ನಡುಮಧ್ಯಕ್ಕಿಟ್ಟಳು. ಮಾವ ನುಡಿಸಿದರು. ಗಾಜಿನ ಈಚೆ ಕುಳಿತಿದ್ದ ಡ್ರಮ್ಮರ್ ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡರು. ಪಕ್ಕದಲ್ಲಿದ್ದ ಕೀಬೋರ್ಡಿನವರು, ಬಡಕಲು ಮನುಷ್ಯ, ತಮ್ಮ ಕಟ್ಟಿಸಿದ ಹಲ್ಲು ಹಿಡಿದುಕೊಂಡರು.

ಕೈ ಮಾತ್ರ ಬಂಗಾರದ ಕೈ. ಅದು ಸೊಸೆಗೆ ಮೊದಲ ಸಾಲಿಗೇ ತಿಳಿಯಿತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಯಾರಿಗೋ ಏನೋ ಹೇಳಲು ಹೊರಟು ನಾಚಿಕೊಂಡು ವಾಪಸು ಬರುವಂಥ ಒಂದು ರಾಗ. ಆದರೆ ಅದನ್ನು ಕೇಳಬೇಕಾದರೆ ಮೊದಲು ತಗಡಿನ ಕಾರ್ಖಾನೆಯೊಂದನ್ನು ದಾಟಿ ಹೋಗಬೇಕಿತ್ತು.

ಮಾವ ಒಳಗೆ ಬಂದು ಕೇಳಿದರು. ಮುಖ ಕೆಂಪಾಯಿತು. "ಹೇಳ್ಲಿಲ್ವಾ? ತಗಡು! ಮೈಕು ಸರಿಯಿಲ್ಲ."

ಅವಳು ಮೈಕು ಬದಲಿಸಿದಳು. ಮೊದಲನೆಯದು ಮಹಡಿಯಿಂದ ಬಿದ್ದರೂ ಸಾಯದ ಗಟ್ಟಿ ಪಿಂಡ. ಎರಡನೆಯದು ಪಕ್ಕದ ಬೀದಿಯ ಕೆಮ್ಮನ್ನೂ ತಂದು ಒಪ್ಪಿಸುವ ಚಾಡಿಕೋರ. ಅದು ಮಾವನ ಗಿಟಾರಿನ ಬಗ್ಗೆ ಇನ್ನೂ ನಾಲ್ಕು ಕೆಟ್ಟ ಸುದ್ದಿ ತಂದಿತು. ಮೂರನೆಯದು ರಿಬ್ಬನ್ ಮೈಕು. ಒಳಗೆ ಸಿಗರೇಟು ಡಬ್ಬಿಯ ಕಾಗದಕ್ಕಿಂತ ತೆಳ್ಳನೆಯ ಲೋಹದ ಪಟ್ಟಿ, ಜೋರಾಗಿ ಊದಿದರೆ ಹರಿಯುವಷ್ಟು ನಾಜೂಕು. ಚೂಪು ಮಾತನ್ನೆಲ್ಲ ಅರ್ಧ ಕೇಳಿಸಿಕೊಂಡು ಇನ್ನರ್ಧ ಮರೆತುಬಿಡುವ ಒಳ್ಳೆಯ ಅಜ್ಜಿಯಂಥದ್ದು. ಅದರ ಹಿಡಿಕೆ ಸಡಿಲವಾಗಿದ್ದರಿಂದ, ಬ್ಯಾಗಿನಲ್ಲಿದ್ದ ಮಗಳ ಚಿಟ್ಟೆಯಿರುವ ಗುಲಾಬಿ ರಬ್ಬರ್‌ಬ್ಯಾಂಡ್ ಸುತ್ತಿ ಸ್ಟ್ಯಾಂಡಿಗೆ ಬಿಗಿದಳು. ನಡುಮಧ್ಯದಲ್ಲಿ ಕೂತ ಅಜ್ಜಿಯೂ ಕಿರುಚಿದಳು.

ಮಾವ ಬಚ್ಚಲಿಗೆ ಹೋದಾಗ ಅವಳು ಅಜ್ಜಿಯನ್ನು ಕದ್ದು ಅಂಚಿಗೆ ಸರಿಸಿದಳು. ಅವರು ಬಂದು ಗಮನಿಸದೆ ನುಡಿಸಿ, ಒಳಗೆ ಬಂದು ಕೇಳಿದರು. "ಈಗ ತಗಡಿಗೆ ಕಂಬಳಿ ಹೊದಿಸಿದ ಹಾಗಿದೆ" ಎಂದರು. ನಿಜವೇ. ತಗಡು ತಗಡೇ, ಮಲಗಿತ್ತು ಅಷ್ಟೆ.

ಡ್ರಮ್ಮರ್ ಅವಳನ್ನು ಮೆಟ್ಟಿಲಿಗೆ ಕರೆದರು. ಕೈಹಿಡಿಕೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ, "ನೋಡು ತಾಯಿ, ನಿಮ್ಮ ಮಾವ ನಂಗೆ ಸ್ವಂತ ಅಣ್ಣನ ಹಾಗೆ. ಆದ್ರೆ ಈ ಸದ್ದನ್ನ ಹಾಡಿಗೆ ಹಾಕಿದ್ರೆ ಕೇಳಿದವರು ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕಾಗುತ್ತೆ. ಮೇಲಿನವರ ಮಧ್ಯಾಹ್ನದ ಬ್ಯಾಚು ಶುರುವಾಗೋದ್ರೊಳಗೆ ಸರಿ ಹೋದ್ರೆ ಹೋಯ್ತು. ಇಲ್ಲಾಂದ್ರೆ ಆ ಭಾಗ ಕೀಬೋರ್ಡಲ್ಲೇ ನುಡಿಸ್ಬಿಡೋಣ. ಅದರಲ್ಲಿ ಗಿಟಾರಿನ ಬಟನ್ನೇ ಇದೆಯಂತೆ" ಎಂದರು.

"ಅಂಕಲ್, ಅದು ಅವರೇ ಕಟ್ಟಿದ್ದು."

"ಗೊತ್ತು. ಅದಕ್ಕೇ ನಾನು ಹೇಳಲ್ಲ. ನೀನೇ ಹೇಳು."

"ನಾನಾ? ನಾನು ಅದೇ ಮನೇಲಿ ಇರ್ಬೇಕು!"

"ನಾನು ಅದೇ ತಂಡದಲ್ಲಿ ಇರ್ಬೇಕಲ್ಲಮ್ಮಾ."

ಹೇಳುವ ಪುಣ್ಯ ಯಾರಿಗೂ ಬರಲಿಲ್ಲ. ಅವರಿಬ್ಬರೂ ಕೆಳಗಿಳಿಯುವಷ್ಟರಲ್ಲಿ ಕೀಬೋರ್ಡಿನವರು ಉತ್ಸಾಹ ತಡೆಯದೆ ಬಟನ್ನು ಒತ್ತಿ ಅಭ್ಯಾಸ ಶುರುಮಾಡಿದ್ದರು. ಮಾವನ ರಾಗ ಆ ಪೆಟ್ಟಿಗೆಯಿಂದ, ಪ್ಲಾಸ್ಟಿಕ್ ಹೂವಿನ ಹಾಗೆ, ಒಂದು ತಪ್ಪೂ ಇಲ್ಲದೆ ಬರುತ್ತಿತ್ತು. ಗಾಜಿನ ಆಚೆ ಮಾವ, ಬಾಗಿಲು ತೆರೆದಿಟ್ಟು, ತಮ್ಮ ಆಂಪಿನ ಮೇಲೆ ಕುಳಿತು ಕೇಳುತ್ತಿದ್ದರು. ಬೈಯಲಿಲ್ಲ. ಸೊಸೆಗೆ ಹೆದರಿಕೆಯಾದದ್ದು ಅದಕ್ಕೇ. ಮಾವ ಬೈಯದೆ ಇದ್ದದ್ದನ್ನು ಅವಳು ಆವರೆಗೆ ನೋಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಪರ್ಸು. "ಏನು, ಯಾರಾದ್ರೂ ಹೋದ್ರಾ? ಎಲ್ಲರ ಮುಖ ಯಾಕೆ ಹೀಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮಾವ ಇದ್ದ ಕೋಣೆಗೇ ಹೋಗಿ ಆಂಪಿನ ಎದುರು ಇದ್ದ ಗಿಡ್ಡ ಮಣೆಯ ಮೇಲೆ ಕೂತರು. "ಏಳಿ, ನುಡಿಸಿ. ನಿಮ್ಮ ಹಾಡು ಕೇಳೋಕೆ ಅಂತ್ಲೇ ಬಸ್ಸು ಹಿಡ್ಕೊಂಡು ಬಂದಿದೀನಿ."

ಮಾವ ಬೇಜಾರಿನಿಂದಲೇ ಎದ್ದು ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿದರು. ಅತ್ತೆ ಪರ್ಸು ತೆರೆದರು. ಎರಡು ಹತ್ತಿಯುಂಡೆ ತೆಗೆದರು. ಹೂವು ಮುಡಿಯುವಷ್ಟು ಸಹಜವಾಗಿ ಒಂದನ್ನು ಬಲಗಿವಿಗೆ, ಒಂದನ್ನು ಎಡಗಿವಿಗೆ ಇಟ್ಟುಕೊಂಡು, ಕೈಕಟ್ಟಿ, ಗಂಡನ ಮುಖ ನೋಡುತ್ತ ಕೂತರು.

ಸೊಸೆ ಗಾಜಿನ ಈಚೆಯಿಂದ ನೋಡಿದಳು. ಎದ್ದು ಆ ಕೋಣೆಗೆ ಹೋದಳು.

"ಅತ್ತೆ, ಕಿವಿ ನೋವಾ?"

"ಹಾಂ?"

ಸೊಸೆ ಬಗ್ಗಿ ಒಂದು ಹತ್ತಿಯುಂಡೆ ತೆಗೆದಳು. "ಕಿವಿ ನೋವಾ ಅಂದೆ."

"ಇಲ್ವಲ್ಲೇ. ಇವರು ನುಡಿಸೋವಾಗ ಯಾವಾಗ್ಲೂ ಇಟ್ಕೋತೀನಿ. ಮದುವೆಗೆ ಮುಂಚಿಂದ."

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆಯ ಮುಖ, ಗಿಡ್ಡ ಮಣೆಯ ಮೇಲೆ, ಸರಿಯಾಗಿ ಆಂಪಿನ ಬಾಯಿಗೆ ಎದುರಾಗಿತ್ತು. ಮಾವನನ್ನು ನೋಡಿದಳು. ಅದೇ ಬಾಯಿ ಮಾವನ ಮೀನಖಂಡಕ್ಕೆ ಎದುರಾಗಿತ್ತು. ಅವಳು ಹಣೆ ಹಣೆ ಚಚ್ಚಿಕೊಂಡಳು. ಗಿಟಾರಿನವರಿಗೆ ಮೊಣಕಾಲಲ್ಲಿ ಕಿವಿಯಿಲ್ಲ ಎನ್ನುವುದು ಅವಳ ಕಸುಬಿನವರೆಲ್ಲ ಆಡಿ ಆಡಿ ಸವೆಸಿದ ತಮಾಷೆ. ಸ್ಪೀಕರಿನ ಚೂಪು ಸದ್ದು ನೇರಕ್ಕೆ ಮಾತ್ರ ಚಿಮ್ಮುತ್ತದೆ. ಪಕ್ಕಕ್ಕೋ ಮೇಲಕ್ಕೋ ಹೋದರೆ ಸಿಗುವುದಿಲ್ಲ. ಅವಳೇ ಆ ತಮಾಷೆಯನ್ನು ಎಷ್ಟೋ ಹುಡುಗರಿಗೆ ಹೇಳಿ ನಗಿಸಿದ್ದಳು. ಆದರೆ ಮನೆಯಲ್ಲಿದ್ದವರು ಗಿಟಾರಿನವರಾಗಿರಲಿಲ್ಲ, ಮಾವ ಆಗಿದ್ದರು. ಹೊಳೆದಿರಲೇ ಇಲ್ಲ.

"ಮಾವ, ಒಂದ್ಸಲ ಅತ್ತೆ ಜಾಗದಲ್ಲಿ ಕೂತು ನುಡಿಸ್ತೀರಾ? ಆಂಪಿನ ಕಡೆ ಮುಖ ಮಾಡಿ."

"ಯಾಕೆ?"

"ಸುಮ್ನೆ. ಇಷ್ಟು ಹೊತ್ತು ನೀವು ಹೇಳಿದ್ದು ನಾನು ಕೇಳ್ಲಿಲ್ವಾ?"

ಮಾವ ಗೊಣಗುತ್ತ ಮಣೆಯ ಮೇಲೆ ಕೂತು ಒಂದು ಸಾಲು ನುಡಿಸಿದರು. ತಟ್ಟನೆ ನಿಲ್ಲಿಸಿದರು.

"ಆಂಪು ಕೆಟ್ಟಿದೆ."

"ಎದ್ದು ನುಡಿಸಿ ನೋಡಿ."

ಎದ್ದು ನುಡಿಸಿದರು. ಬೆಣ್ಣೆ. ಕೂತು ನುಡಿಸಿದರು. ತಗಡು. ಎದ್ದರು, ಬೆಣ್ಣೆ. ಅರ್ಧ ಕೂತರು, ಬೆಣ್ಣೆಯೊಳಗೆ ಮೊಳೆ. ಗಿಟಾರು ನೇತುಹಾಕಿಕೊಂಡು ಮೇಷ್ಟ್ರ ಮುಂದೆ ಬಸ್ಕಿ ಹೊಡೆಯುವ ಹುಡುಗನ ಹಾಗೆ ಮಾವ ಎದ್ದು ಕೂತು ಮಾಡುತ್ತಿದ್ದರೆ, ಗಾಜಿನ ಈಚೆ ಡ್ರಮ್ಮರ್ ಮತ್ತು ಕೀಬೋರ್ಡಿನವರು ಒಬ್ಬರ ಹೆಗಲಿಗೆ ಒಬ್ಬರು ಮುಖ ಒತ್ತಿಕೊಂಡು ನಗುತ್ತಿದ್ದರು. ಕೊನೆಗೆ ಮಾವ ಕೂತವರು ಏಳಲಿಲ್ಲ.

"ವೇದಿಕೆ ಮೇಲೆ ಇದನ್ನ ನೆಲದ ಮೇಲೇ ಇಡ್ತಿದ್ದೆ" ಎಂದು ಆಂಪಿನ ಕಡೆ ಬೆರಳು ಮಾಡಿದರು. "ಅಂದ್ರೆ ಮುಂದಿನ ಸಾಲಲ್ಲಿ ಕೂತವರಿಗೆಲ್ಲ..."

"ಮುಖಕ್ಕೇ" ಎಂದಳು ಸೊಸೆ.

"ಎಲ್ಲಾ ಕಡೇನಾ?"

ಸೊಸೆ ತಲೆಯಾಡಿಸಿದಳು. ಮಾವ ಹೆಂಡತಿಯ ಕಡೆ ತಿರುಗಿದರು. "ನೀನು ಶೀತ ಅಂತಿದ್ದೆ. ಗಾಳಿ ತಡೆಯಲ್ಲ, ಅದಕ್ಕೇ ಹತ್ತಿ ಅಂತಿದ್ದೆ."

"ಬೇಸಿಗೇಲೂ ಶೀತಾನಾ? ಬಾಗಿಲು ಹಾಕಿದ ಹಾಲ್‌ನಲ್ಲೂ ಗಾಳೀನಾ? ನಿಮಗೂ ಬುದ್ಧಿ ಬೇಡ್ವಾ?"

"ಹೇಳಬಾರದಿತ್ತಾ?"

"ಹೇಳಿದ್ರೆ, ಹಾಗಾದ್ರೆ ಹಿಂದೆ ಹೋಗಿ ಕೂತ್ಕೋ ಅಂತಿದ್ರಿ. ಹಿಂದಿಂದ ನಿಮ್ಮ ಮುಖ ಕಾಣಲ್ಲ. ನುಡಿಸೋವಾಗ ನಿಮ್ಮ ಮುಖ ಚೆನ್ನಾಗಿರುತ್ತೆ. ಮನೇಲಿ ಹಾಗಿರಲ್ಲ." ಅತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. "ನಾನು ನೋಡೋಕೆ ಬರ್ತಿದ್ದೆ ಕಣ್ರೀ, ಕೇಳೋಕಲ್ಲ. ಕಾಫಿ ಕುಡೀತೀರಾ?"

ಮಾವ ಕಾಫಿ ಕುಡಿಯಲಿಲ್ಲ. ಗಿಟಾರನ್ನು ಹೆಗಲಿನಿಂದ ತೆಗೆದು, 'ಗರಗಸ' ಎಂದು ಬರೆದ ಪೆಟ್ಟಿಗೆಯಲ್ಲಿ ಮಲಗಿಸಿದರು. ಆ ಅಕ್ಷರಗಳನ್ನು ಮೊದಲ ಸಲ ಓದುವವರಂತೆ ಓದಿದರು. ಮತ್ತೆ ಗಾಜಿನ ಕಡೆ ನೋಡಿ, "ನೀನೇ ನುಡಿಸೋ ಅದನ್ನ. ಬಟನ್ನಿದೆಯಲ್ಲ" ಎಂದರು.

ಕೀಬೋರ್ಡಿನವರ ನಗು ಗಂಟಲಲ್ಲೇ ನಿಂತಿತು. ಡ್ರಮ್ಮರ್ ಓಡಿಬಂದರು. "ಅಯ್ಯೋ, ಇಷ್ಟಕ್ಕೆಲ್ಲ ಯಾಕೋ? ಗೋಂದು ಕಿತ್ತು ಗುಂಡಿ ಇಳಿಸಿದ್ರಾಯ್ತು!" ಎಂದು ಟ್ರೆಬಲ್ ಗುಂಡಿಗೆ ಕೈ ಹಾಕಿದರು. ಅದು ಅಲ್ಲಾಡಲಿಲ್ಲ. ಸೊಸೆಯ ಡ್ರಾಯರಿನಿಂದ ಇಕ್ಕಳ ತಂದರು. ದಪ್ಪ ಮನುಷ್ಯ, ಆಂಪನ್ನು ತೊಡೆಯ ನಡುವೆ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದರು. ಗುಂಡಿ ಅಲ್ಲೇ ಇತ್ತು, ಆಂಪೇ ಇಡಿಯಾಗಿ ಪಕ್ಕಕ್ಕೆ ಹೊರಳಿತು. ಆ ಚಪ್ಪಲಿ ಗೋಂದಿನ ಹೆಸರೇನು, ಈಗಲೂ ಸಿಗುತ್ತದೆಯೇ ಎಂದು ಕೀಬೋರ್ಡಿನವರು ವಿಚಾರಿಸಿದರು.

"ಬಿಡೋ" ಎಂದರು ಮಾವ. "ಅದು ತಿರುಗಿದ್ರೂ ಪ್ರಯೋಜನ ಇಲ್ಲ. ನಾನು ಇಷ್ಟು ವರ್ಷ ಬೆರಳು ಇಟ್ಟಿದ್ದೆಲ್ಲ ಆ ಸದ್ದು ಕೇಳ್ಕೊಂಡು. ಗುಂಡಿ ತಿರುಗಿಸಿದ್ರೆ ಅದು ಇನ್ಯಾರದೋ ಸದ್ದು."

"ಆ ಸದ್ದು ಅಂದ್ರೆ ಯಾವ್ದು ಮಾವ? ಎಲ್ಲಿ ಕೇಳಿಸ್ತಿತ್ತು?" ಎಂದು ಸೊಸೆ ಕೇಳಿದಳು.

ಮಾವ ತಮ್ಮ ಕಿವಿ ಮುಟ್ಟಿಕೊಂಡರು. "ಇಲ್ಲಿ. ಇನ್ನೆಲ್ಲಿ?"

ಸೊಸೆ ಆ ಕಿವಿಯನ್ನೂ ನೆಲದಿಂದ ಅದರ ಎತ್ತರವನ್ನೂ ನೋಡಿದಳು. ಆಮೇಲೆ, "ಗಿಟಾರು ತಗೊಳ್ಳಿ. ನೀವು ನಿಲ್ಲೋ ಜಾಗದಲ್ಲಿ ನಿಂತ್ಕೊಳ್ಳಿ. ಅಲ್ಲಾಡ್ಬೇಡಿ" ಎಂದಳು. ಆ ದನಿಯನ್ನು ಅವಳು ಸಾಮಾನ್ಯವಾಗಿ ಮಗಳ ಉಗುರು ಕತ್ತರಿಸುವಾಗ ಬಳಸುತ್ತಿದ್ದಳು. ಮಾವ ನಿಂತರು. ಅವಳು ರಿಬ್ಬನ್ ಮೈಕಿನ ಸ್ಟ್ಯಾಂಡನ್ನು ತಂದು ಅವರ ಪಕ್ಕಕ್ಕಿಟ್ಟು, ಕೋಲನ್ನು ಎಳೆದೆಳೆದು ಉದ್ದ ಮಾಡಿ, ದರ್ಜಿ ಅಳತೆ ತೆಗೆದುಕೊಳ್ಳುವ ಹಾಗೆ ಅವರ ಕಿವಿಯ ಎತ್ತರಕ್ಕೆ ತಂದು ಬಿಗಿದಳು. ಚಿಟ್ಟೆಯ ರಬ್ಬರ್‌ಬ್ಯಾಂಡು ಮಾವನ ಕೆನ್ನೆಗೆ ತಾಗುತ್ತಿತ್ತು.

"ಎಲ್ಲರೂ ಆಂಪಿನ ಹತ್ರ ಇಡ್ತಾರೆ. ನೀನು ನನ್ನ ಹತ್ರ ಇಡ್ತಿದೀಯಲ್ಲ" ಎಂದರು ಮಾವ.

"ಸದ್ದು ಇರೋ ಕಡೆ ಇಡ್ತಿದೀನಿ. ನುಡಿಸಿ."

ಅವಳು ಓಡಿಬಂದು ಹೆಡ್‌ಫೋನ್ ಹಾಕಿಕೊಂಡಳು. ಸದ್ದು ಅಲ್ಲಿತ್ತು. ಅದರ ಜೊತೆಗೆ ಮಾವನೂ ಇದ್ದರು. ನುಡಿಸುವಾಗ ಅವರು ಮೂಗಿನಲ್ಲಿ ರಾಗ ಎಳೆಯುತ್ತಿದ್ದರು, ತಂತಿ ಜಾರಿದಾಗ ಒಂದು ಬೈಗುಳ ಉದುರಿಸುತ್ತಿದ್ದರು, ನಡುನಡುವೆ "ಹಾಂ... ಹಾಂ..." ಎಂದು ತಮಗೆ ತಾವೇ ಶಹಭಾಸ್ ಕೊಟ್ಟುಕೊಳ್ಳುತ್ತಿದ್ದರು. ಬಾಯಿ ಮುಚ್ಚಿಕೊಂಡು ನುಡಿಸಿ ಎಂದರೆ ಬಾಯಿ ಮುಚ್ಚಿದರು, ಮೂಗು ಮುಚ್ಚಲಿಲ್ಲ.

"ಅವರನ್ನ ಅಲ್ಲಿಂದ ಎತ್ತಿ ಆಚೆ ಹಾಕಮ್ಮಾ" ಎಂದರು ಡ್ರಮ್ಮರ್. ತಮಾಷೆಗೆ ಹೇಳಿದ್ದು, ಸೊಸೆ ಅದನ್ನೇ ಮಾಡಿದಳು. ಉದ್ದದ ವೈರು ಹಾಕಿ, ಮಾವನನ್ನು ಗಿಟಾರಿನ ಸಮೇತ ತನ್ನ ಕೋಣೆಗೆ ಕರೆತಂದಳು. ಆಚೆ ಕೋಣೆಯಲ್ಲಿ ಆಂಪು ಒಂದೇ ಉಳಿಯಿತು. ಅದರ ಮುಂದೆ, ಮಾವ ನಿಲ್ಲುತ್ತಿದ್ದ ಜಾಗದಲ್ಲಿ, ಮಾವನ ಎತ್ತರಕ್ಕೆ, ಒಂದು ಮೈಕಿನ ಸ್ಟ್ಯಾಂಡು. ಡ್ರಮ್ಮರ್ ಹೋಗಿ ಮಾವನ ಟೋಪಿಯನ್ನು ಅದರ ಕೋಲಿನ ಹಿಂತುದಿಗೆ ಸಿಕ್ಕಿಸಿ ಬಂದರು. "ನೋಡ್ರೋ, ಇವನು ತಂಡದಲ್ಲಿ ಇದ್ದಿದ್ರೆ ನಾವೆಲ್ಲ ಎಷ್ಟು ಸುಖವಾಗಿರ್ತಿದ್ವಿ. ಮಾತಿಲ್ಲ, ಜಗಳ ಇಲ್ಲ."

"ನಿನ್ನ ಹಾಗೆ ದಪ್ಪ ಇಲ್ಲ ಬಿಡೋ, ಕತ್ತೆ" ಎಂದರು ಮಾವ. ಬೈಗುಳಕ್ಕೆ ವಾಪಸಾಗಿದ್ದರು. ಸೊಸೆಯ ಜೀವಕ್ಕೆ ಸಮಾಧಾನವಾಯಿತು.

ಆದರೆ ಆಂಪಿಗೆ ಅಂಟಿಕೊಂಡ ಮೈಕು ಆಂಪನ್ನು ಮಾತ್ರ ಕೇಳುತ್ತದೆ. ಅಷ್ಟು ದೂರ, ಅಷ್ಟು ಎತ್ತರದಲ್ಲಿ ನಿಂತ ಮೈಕು ಇಡೀ ಕೋಣೆಯನ್ನೇ ಕೇಳುತ್ತದೆ, ಕೋಣೆಯ ಮೇಲೆ ಜಿಮ್ಮಿತ್ತು. ಸೊಸೆ ಗೋಡೆ ಮರುಧ್ವನಿ ಕೊಡದ ಹಾಗೆ ಇದ್ದಬದ್ದ ಕಂಬಳಿಗಳನ್ನೆಲ್ಲ ನೇತುಹಾಕುತ್ತಿರುವಾಗಲೇ ಮೇಲೆ ಮಧ್ಯಾಹ್ನದ ಬ್ಯಾಚಿನವರ ಬೂಟು ಕೇಳತೊಡಗಿತು. ಮೊದಲು ಅವರು ಮೈ ಸಡಿಲಿಸಿಕೊಳ್ಳುತ್ತಾರೆ, ಆಮೇಲೆ ಕಬ್ಬಿಣ. ನಡುವೆ ಒಂದೇ ಒಂದು ಸಲ ನುಡಿಸುವಷ್ಟು ಹೊತ್ತು.

"ಒಂದೇ ಸಲ ಮಾವ. ತಪ್ಪಿದ್ರೆ ಮೇಲಿನವರು ಶುರು ಮಾಡ್ತಾರೆ."

"ಮದುವೆಮನೇಲಿ ಎರಡನೇ ಸಲ ಯಾರು ಕೊಡ್ತಾರಮ್ಮಾ" ಎಂದರು ಮಾವ.

ಹಾಡು ಶುರುವಾಯಿತು. ಡ್ರಮ್ಮರ್ ತಾವೇ ಎಂದೋ ಬಾರಿಸಿದ್ದಕ್ಕೆ ಮತ್ತೆ ತೊಡೆಯ ಮೇಲೆ ತಾಳ ಹಾಕಿದರು. ಮಾವನ ಸರದಿ ಬಂತು. ಸೊಸೆಯ ದೊಡ್ಡ ಸ್ಪೀಕರುಗಳ ಮುಂದೆ ನಿಂತು ಅವರು ಮೊದಲ ಸ್ವರ ಬಿಟ್ಟರು, ಬಿಟ್ಟದ್ದು ಕಿವಿಗೆ ಬಂದಾಗ ಒಂದು ಸಲ ಕಣ್ಣು ಅಗಲಿಸಿದರು, ಆಮೇಲೆ ಮುಚ್ಚಿದರು. ಇಷ್ಟು ದಿನ ಯಾವ ಮೈಕಿನಿಂದಲೂ ವಾಪಸು ಬಾರದಿದ್ದ ಸದ್ದು ಅದು. ದುಂಡಗೆ, ಬೆಚ್ಚಗೆ, ಅಂಚಿನಲ್ಲಿ ತುಸುವೇ ಕರಕು. ಹೇಳಲು ಹೊರಟು ನಾಚಿಕೊಂಡು ವಾಪಸು ಬರುತ್ತಿದ್ದ ರಾಗ ಈ ಸಲ ಕಾರ್ಖಾನೆ ದಾಟಬೇಕಾಗಿರಲಿಲ್ಲ, ನೇರ ಬಂದು ಎದುರಿಗೆ ನಿಂತಿತು. ಮಾವ ಮೂಗಿನಲ್ಲಿ ಗುನುಗಿದರು, ಬೈದರು, "ಹಾಂ" ಎಂದರು. ಯಾವುದೂ ಆಚೆ ಕೋಣೆಗೆ ಹೋಗಲಿಲ್ಲ. ಅತ್ತೆ ಬಾಗಿಲ ಬಳಿ ನಿಂತು, ಅಭ್ಯಾಸದಂತೆ, ಗಂಡನ ಮುಖ ನೋಡುತ್ತಿದ್ದರು. ಸೊಸೆ ತೆಗೆದಿದ್ದ ಹತ್ತಿಯೂ ವಾಪಸು ಕಿವಿಗೆ ಸೇರಿತ್ತು.

ಕೊನೆಯ ಸ್ವರವನ್ನು ಮಾವ ಎಳೆದು ಬಿಟ್ಟರು. ಅದು ಕರಗುತ್ತ, ಕರಗುತ್ತ, ಇನ್ನೇನು ಮುಗಿಯಿತು ಎನ್ನುವಾಗ ಮೇಲೆ ಯಾರೋ ಪುಣ್ಯಾತ್ಮ ಮೊದಲ ಕಬ್ಬಿಣ ಇಳಿಸಿದ. ಧೊಪ್!

ಸೊಸೆ ತಲೆ ಹಿಡಿದುಕೊಂಡಳು. ಡ್ರಮ್ಮರ್ ಮಾತ್ರ ಕೈ ಎತ್ತಿ, "ಇರ್ಲಿ, ಇರ್ಲಿ! ತಾಳಕ್ಕೆ ಸರಿಯಾಗಿ ಬಿದ್ದಿದೆ. ನಾನು ಬಾರಿಸಿದ್ದಕ್ಕಿಂತ ಚೆನ್ನಾಗಿದೆ" ಎಂದರು. ಕೀಬೋರ್ಡಿನವರು ತಮ್ಮ ಪೆಟ್ಟಿಗೆಯ ಸ್ವಿಚ್ಚು ಆರಿಸಿದರು.

"ಅತ್ತೆ, ಇಲ್ಲಿ ಬನ್ನಿ" ಎಂದು ಸೊಸೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅತ್ತೆ ಕೂತರು. ಸೊಸೆ ಹೆಡ್‌ಫೋನ್ ಹಾಕಹೋದಳು, ತಡೆದಳು, ಕಿವಿಯತ್ತ ಸನ್ನೆ ಮಾಡಿದಳು. ಅತ್ತೆ ಗಂಡನ ಕಡೆ ಒಮ್ಮೆ ಅನುಮಾನದಿಂದ ನೋಡಿ, ಹತ್ತಿಯುಂಡೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಸಿದ್ಧವಾಗಿರಲಿ ಎಂದು ಮುಷ್ಟಿ ಕಟ್ಟಿಕೊಂಡರು. ಸೊಸೆ ಹಾಡು ಹಚ್ಚಿದಳು.

ಸ್ವಲ್ಪ ಹೊತ್ತಿಗೆ ಆ ಮುಷ್ಟಿ ಸಡಿಲವಾಯಿತು. ಹತ್ತಿ ಕೆಳಗೆ ಬಿತ್ತು. ಅತ್ತೆಗೆ ಗೊತ್ತಾಗಲಿಲ್ಲ.

"ಇಷ್ಟು ವರ್ಷ ಇದನ್ನ ನೀವೊಬ್ರೇ ಕೇಳ್ತಿದ್ರಾ?" ಎಂದು ಅವರು, ಹೆಡ್‌ಫೋನ್ ಹಾಕಿಕೊಂಡವರೆಲ್ಲ ಮಾಡುವ ಹಾಗೆ, ಊರಿಗೆಲ್ಲ ಕೇಳುವಂತೆ ಕೂಗಿದರು.

ಮಾವ ಗಿಟಾರಿನ ಪಟ್ಟಿ ಸರಿಮಾಡಿಕೊಂಡರು. ಹೆಂಡತಿಗೆ ಉತ್ತರ ಹೇಳುವ ಬದಲು ಡ್ರಮ್ಮರ್ ಕಡೆ ತಿರುಗಿ, ಎದೆ ಸೆಟೆಸಿ, "ನೋಡಿದ್ಯೇನೋ? ನಾನು ಹೇಳ್ತಾನೇ ಇರ್ಲಿಲ್ವಾ, ತಪ್ಪೆಲ್ಲ ಮೈಕು ಇಡೋರದ್ದು ಅಂತ? ಆ ಕತ್ತೆಗಳಲ್ಲಿ ಒಬ್ಬನಾದ್ರೂ ಬಂದು ನನ್ನ ಕಿವಿ ಎಲ್ಲಿದೆ ಅಂತ ಕೇಳಿದ್ನಾ? ಇಷ್ಟು ವರ್ಷಕ್ಕೆ ಒಬ್ಬಳು ಸರಿಯಾಗಿ ಇಟ್ಟಳು. ಅದೂ ಯಾರು? ನಮ್ಮನೆಯವಳು. ಅದೂ ಎಲ್ಲಿಡಬೇಕು ಅಂತ ನಾನು ಕಿವಿ ಮುಟ್ಟಿ ತೋರಿಸಿದ ಮೇಲೆ. ಆದ್ರೂ ಒಂದು ಬೆರಳು ಕೆಳಗಾಯ್ತು, ನನ್ನ ಕಿವಿ ಇನ್ನೂ ಸ್ವಲ್ಪ ಮೇಲೆ ಬರುತ್ತೆ, ಈ ರೆಕಾರ್ಡಿಂಗ್‌ನವರು ಎಷ್ಟೇ ಆಗ್ಲಿ..."

"ರೀ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಅರಚಿದರು. "ಸ್ವಲ್ಪ ಸುಮ್ನಿರ್ತೀರಾ? ನಿಮ್ಮನ್ನ ಕೇಳ್ತಿದೀನಿ!"